ವಾರಕ್ಕೊಂದು ಮಾತ್ರೆ

ತಿಮ್ಮಮ್ಮನನ್ನು ನಾನು ಮೊದಲು ನೋಡಿದ್ದು ಸಂಕ್ರಾಂತಿ ಕಳೆದ ಮೇಲಿನ ಗುರುವಾರ, ಆಸ್ಪತ್ರೆಯಲ್ಲಿ ಕೀಲುನೋವಿನ ಡಾಕ್ಟರ ಕೊಠಡಿಯ ಮುಂದಿನ ಬೆಂಚಿನ ಮೇಲೆ. ಅವಳು ನನ್ನ ಪಕ್ಕ ಬಂದು ಕೂತು ಒಂದು ನೀರಿನ ಬಾಟಲಿಯನ್ನು ನನ್ನ ಮುಂದೆ ಹಿಡಿದಳು.

"ಅಕ್ಕ, ಒಸಿ ಇದರ ಮುಚ್ಚಳ ತಿರುಗಿಸ್ಕೊಡು."

ಇಸಿದುಕೊಂಡೆ. ತಿರುಗಿಸಲು ನನಗೂ ಆಗಲಿಲ್ಲ. ಸೆರಗು ಸುತ್ತಿ ತಿರುಗಿಸಿದೆ, ಆಗಲಿಲ್ಲ. ಅವಳು ಬುಡ ಹಿಡಿದಳು, ನಾನು ಮುಚ್ಚಳ ಹಿಡಿದೆ. ಆಗಲೂ ಆಗಲಿಲ್ಲ. ಆಮೇಲೆ ಅವಳು ನನ್ನ ಬೆರಳುಗಳನ್ನು ನೋಡಿದಳು, ನಾನು ಅವಳ ಬೆರಳುಗಳನ್ನು ನೋಡಿದೆ. ಅವಳ ಗೆಣ್ಣುಗಳು ಕೆಂಪಗೆ ಊದಿಕೊಂಡಿದ್ದವು. ನನ್ನವು ಊದಿ ಊದಿ ಸೊಟ್ಟಗಾಗಿ ಒಂಬತ್ತು ವರ್ಷವಾಗಿತ್ತು.

"ಥೂ, ಹೋಗಿ ಹೋಗಿ ನಿನ್ನ ಕೇಳ್ದೆನಲ್ಲ," ಎಂದು ನಕ್ಕಳು. "ಇಬ್ರೂ ಸೇರುದ್ರೆ ಒಂದು ಕೈ ಆಗಾಕಿಲ್ಲ."

ನನ್ನ ಹೆಸರು ಮಾರಕ್ಕ. ಮರಳವಾಡಿಯವಳು, ಎಪ್ಪತ್ತೊಂದು ವಯಸ್ಸು. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನನ್ನ ಯಜಮಾನರು ಮುನಿಶಾಮಯ್ಯನವರು ತೀರಿಕೊಂಡ ಮೇಲೆ ಬಸ್ಸಿನ ಬೋರ್ಡು, ಮಾತ್ರೆಯ ಚೀಟಿ ಓದಿಕೊಳ್ಳುವಷ್ಟು ಅಕ್ಷರವನ್ನು ಮತ್ತೆ ತಿದ್ದಿಕೊಂಡೆ. ಓದಿದ್ದನ್ನು ಓದಿದ ಹಾಗೇ ಮಾಡುವವಳು ನಾನು, ಒಂದಕ್ಷರ ಆಚೀಚೆ ಇಲ್ಲ. ಅದನ್ನೇ ದೊಡ್ಡ ಗುಣ ಅಂದುಕೊಂಡಿದ್ದೆ.

ತಿಮ್ಮಮ್ಮ ನಮ್ಮೂರಿಂದ ನಾಲ್ಕು ಮೈಲಿ ಆಚೆಯ ಒಂದು ದೊಡ್ಡಿಯವಳು, ಹತ್ತಿಪ್ಪತ್ತು ಮನೆಯ ಊರು. ಐವತ್ತೆಂಟು ವಯಸ್ಸು. ಗಂಡ ಕಾಳಯ್ಯ ಹೋದ ಮೇಲೆ ಹನ್ನೊಂದು ವರ್ಷ ಒಬ್ಬಳೇ ಕುರಿ ಕಾಯ್ದಿದ್ದಾಳೆ. ಆಗ ಮೂವತ್ತೊಂದು ಕುರಿ ಇದ್ದವು. ಮಗ ಸಿದ್ದರಾಮು ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸಕ್ಕೆ ಹೋಗುತ್ತಾನೆ. ಒಳ್ಳೆಯ ಹುಡುಗ, ಆದರೆ ಕುರಿ ಕಂಡರೆ ಆಗದು. ಅವ್ವನ ಕೈ ಊದಿಕೊಂಡದ್ದೇ ಅವನಿಗೊಂದು ನೆಪವಾಯಿತು.

"ಶಿವರಾತ್ರಿಗಂಟ ನೋಡ್ತೀನಿ, ಅಷ್ಟರಾಗೆ ಕೈ ನೆಟ್ಟಗಾಗದಿದ್ರೆ ಅಷ್ಟೂ ಕುರಿ ಮಾರ್ತೀನಿ ಅಂತವ್ನೆ," ಎಂದಳು. "ಬೆಳಿಗ್ಗೆ ಎದ್ರೆ ಬೆರಳು ಮಡಚಾಕಾಗಕಿಲ್ಲ ಕಣಕ್ಕ. ಮುದ್ದೆ ಕೋಲು ಹಿಡಿಯಂಗಿಲ್ಲ. ಕತ್ತರಿ ಹಿಡಿದು ಕುರಿ ಉಣ್ಣೆ ಕತ್ತರಿಸಂಗಿಲ್ಲ. ಹೊತ್ತು ಏರಿದ ಮ್ಯಾಲೆ ಒಸಿ ಸಡಿಲಾಯ್ತದೆ. ಕುರಿ ಅಲ್ಲಿಗಂಟ ಕಾಯ್ತವಾ?"

ಒಂದು ವರ್ಷ ಅವಳು ಎಣ್ಣೆ ಹಚ್ಚಿದ್ದಳು, ಎಲೆ ಕಟ್ಟಿದ್ದಳು, ವಾತ ಅಂತ ಆಲೂಗಡ್ಡೆ ಬಿಟ್ಟಿದ್ದಳು. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ನನಗೆ ಅಲ್ಲೇ ಸಿಟ್ಟು ಬಂದಿತ್ತು. ಅವಳ ಸರದಿ ಬಂದಾಗ ನನ್ನ ಕೈ ಎಳೆದಳು. "ನೀನೂ ಬಾರಕ್ಕ. ಡಾಕ್ಟ್ರು ಮಾತು ನಂಗೆ ತಿಳಿಯಾಕಿಲ್ಲ."

ಡಾಕ್ಟರು ಶಾಲಿನಿಯಮ್ಮ. ತಾಳ್ಮೆಯವರು. ಅವಳ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿ, ರಕ್ತದ ಕಾಗದ ನೋಡಿ, ಹೀಗೆ ಹೇಳಿದರು. "ನೋಡಿ ತಿಮ್ಮಮ್ಮ, ಮೈಯೊಳಗೆ ಯಾವುದಾದರೂ ರೋಗಾಣು ನುಗ್ಗಿದರೆ, ಅದನ್ನು ಮೊದಲು ಕಂಡ ಜೀವಕೋಶ ಒಂದು ಥರದ ಪ್ರೋಟೀನು ಬಿಡುತ್ತೆ. ಆ ಪ್ರೋಟೀನು ಹೋಗಿ ಮಿಕ್ಕ ಜೀವಕೋಶಗಳಿಗೆ ಸುದ್ದಿ ಮುಟ್ಟಿಸುತ್ತೆ, ಬನ್ನಿ ಬನ್ನಿ ಅಂತ. ಆಗ ರಕ್ತದ ಬಿಳಿ ಕಣಗಳೆಲ್ಲ ಅಲ್ಲಿಗೆ ಓಡಿ ಬರುತ್ತವೆ. ಅದಕ್ಕೇ ಆ ಜಾಗ ಕೆಂಪಾಗೋದು, ಊದೋದು, ಬಿಸಿಯಾಗೋದು. ಜ್ವರ ಬರಿಸೋದೂ ಅದೇ ಪ್ರೋಟೀನು. ಅದಕ್ಕೆ ಸೈಟೊಕೈನ್ ಅಂತೀವಿ."

"ಯಾವ ಸೈಟು ಡಾಕ್ಟ್ರವ್ವ? ಹಾರೋಹಳ್ಳಿ ಕಡೇದಾ? ಅಲ್ಲಿ ಸೈಟು ಈಗ ಮುಟ್ಟಂಗಿಲ್ಲ."

ಡಾಕ್ಟರು ನಕ್ಕರು. "ಇದು ಮೈಯೊಳಗಿನ ಸೈಟು. ರೋಗಾಣು ಸತ್ತ ಮೇಲೆ ಬೇರೆ ಪ್ರೋಟೀನು ಬಂದು, ಸಾಕು, ಹೊರಡಿ ಅನ್ನಬೇಕು. ನಿಮಗೆ ಆ 'ಸಾಕು' ಅನ್ನೋದು ಸಾಲ್ತಾ ಇಲ್ಲ."

ತಿಮ್ಮಮ್ಮನ ಮುಖ ಅರಳಿತು.

"ತಿಳೀತು ಬುಡಿ. ಚಿರತೆ ಬಂದಂಗೆ. ನಮ್ಮ ದೊಡ್ಡೀಲಿ ಚಿರತೆ ಕಂಡೋರು ಮೊದಲು ಹೋ ಅಂತ ಕೂಗ್ಬೇಕು. ಆ ಕೂಗು ಕೇಳುದ್ರೆ ಆಚೆ ಹೊಲದೋನು ಕೂಗ್ತನೆ, ಅವನ್ನ ಕೇಳ್ಕಂಡು ಇನ್ನೊಬ್ಬ. ದೊಣ್ಣೆ ಹಿಡ್ಕಂಡು ಜನ ಬತ್ತರೆ. ಚಿರತೆ ಓಡಿದ ಮ್ಯಾಲೆ ಬಂಡೆ ಹತ್ತಿ 'ಹೋಯ್ತು' ಅಂತ ಒಬ್ರು ಕೂಗ್ಬೇಕು. ಒಂದು ವರ್ಷ ಅದನ್ನ ಯಾರೂ ಕೂಗ್ಲಿಲ್ಲ ಡಾಕ್ಟ್ರವ್ವ. ಚಿರತೆ ಒಂದು ಮರಿ ತಿಂತು. ಜನ ಎಲ್ಡು ಎಕರೆ ರಾಗಿ ತುಳುದ್ರು."

"ಅದೇ, ಅದೇ," ಎಂದರು ಡಾಕ್ಟರು. ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ನಿಮ್ಮ ಗೆಣ್ಣು ಆ ರಾಗಿ ಹೊಲ. ನಿಮ್ಮ ವಿಷಯದಲ್ಲಿ ಚಿರತೆ ಬಂದೇ ಇಲ್ಲ. ಸುಳ್ಳು ಕೂಗು."

"ಯಾರು ಕೂಗಿದ್ದು?"

"ಅದು ನಮಗೂ ಪೂರ್ತಿ ಗೊತ್ತಿಲ್ಲ."

"ಗೊತ್ತಾದ್ರೆ ಹೇಳಿ, ನಾಕು ಬಿಗೀತೀನಿ."

ಕೂಗು ತಗ್ಗಿಸಲು ಒಂದು ಮಾತ್ರೆ ಬರೆದರು. ಒಂಬತ್ತು ವರ್ಷದಿಂದ ನಾನು ನುಂಗುತ್ತಿರುವ ಮಾತ್ರೆಯೇ. ಅದು ಹಿಡಿಯಲು ಒಂದೆರಡು ತಿಂಗಳಾದರೂ ಬೇಕು, ಅಲ್ಲಿಯವರೆಗೆ ನೋವು ತಡೆಯಲಿ ಅಂತ ಆವತ್ತೇ ಒಂದು ಸೂಜಿಯನ್ನೂ ಹಾಕಿಸಿದರು. ಹದಿನೈದು ದಿನಕ್ಕೆ ರಕ್ತ ಪರೀಕ್ಷೆಗೆ ಬರಬೇಕು ಎಂದರು. ಎರಡು ಸಲ ಹೇಳಿದರು.

ಮಾತ್ರೆ ಕೊಡುವ ಕಿಟಕಿಯಲ್ಲಿ ಜನ ನುಗ್ಗುತ್ತಿದ್ದರು. ಒಳಗಿದ್ದ ಹುಡುಗಿ ತಲೆ ಎತ್ತದೆ ಎರಡು ಹಾಳೆ ಮಾತ್ರೆ ಮುಂದೆ ತಳ್ಳಿದಳು. "ಇದು ವಾರಕ್ಕೊಂದು. ಇದು ವಿಟಮಿನ್ನು, ಅದು ತಗೊಂಡ ಮಾರನೇ ದಿನ. ನೆಕ್ಸ್ಟ್."

ಬಸ್ಸಿನಲ್ಲಿ ತಿಮ್ಮಮ್ಮ ಹಾಳೆಯನ್ನು ತಿರುಗಿಸಿ ನೋಡಿದಳು. ಹತ್ತು ಮಾತ್ರೆ ಇದ್ದವು.

"ವಾರಕ್ಕೊಂದು ಅಂದ್ಲಲ್ವಾ?"

"ಹೂಂ. ವಾರಕ್ಕೊಂದು."

"ನೀನೂ ಅಂಗೇ ತಗಳದಾ?"

"ಒಂಬತ್ತು ವರ್ಷದಿಂದ ಅಂಗೇ. ಸೋಮವಾರ ಶುರು ಮಾಡು. ಒಂದು ವಾರಾನೂ ತಪ್ಪಿಸ್‌ಬ್ಯಾಡ."

"ಇಲ್ಲ ಬುಡು, ತಪ್ಪಿಸಾಕಿಲ್ಲ," ಎಂದು ಹಾಳೆಯನ್ನು ಎಲೆಯಡಿಕೆಯ ಬಾಳೆಕಾಯಿ ಚೀಲಕ್ಕೆ ಸಿಕ್ಕಿಸಿದಳು.

ಆ ಮಾತು ಇಷ್ಟೇ. ನಾನು ಅದನ್ನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಅದರಲ್ಲಿ ಒಂದು ಮಾತೂ ಸುಳ್ಳಿಲ್ಲ.

ಆಮೇಲಿನ ಎರಡನೇ ಮಂಗಳವಾರ ಅವಳ ದೊಡ್ಡಿಗೆ ಹೋದೆ. ಅವಳು ಮಾತ್ರೆ ಶುರು ಮಾಡಿ ಒಂಬತ್ತನೇ ದಿನ. ಜಗಲಿಯ ಮೇಲೆ ಕೂತು ನೆನೆಸಿದ ಅವರೆಕಾಳು ಹಿತಕುತ್ತಿದ್ದಳು. ಹಿತಕಿದ ಬೇಳೆಯ ಕೆಲಸ ಅಂದರೆ ಬೆರಳಿನ ತುದಿಗೆ ಪರೀಕ್ಷೆ. ಒಂದೊಂದು ಕಾಳನ್ನೂ ಎರಡು ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಹಾರಿಸಬೇಕು. ನಾನು ಅದನ್ನು ಬಿಟ್ಟು ಏಳು ವರ್ಷವಾಗಿದೆ. ಅವಳು ನನ್ನನ್ನು ಕಂಡವಳೇ ಒಂದು ಕಾಳನ್ನು ನನ್ನ ಮುಖಕ್ಕೇ ಹಾರಿಸಿದಳು.

"ನೋಡಕ್ಕ ನನ್ನ ಬೆರಳ! ನಿನ್ನೆ ನಾಕು ಕುರಿ ಉಣ್ಣೆ ಕತ್ತರಿಸ್ದೆ. ಸಿದ್ದರಾಮುನ ಮೊಕ ನೋಡ್ಬೇಕಿತ್ತು, ಹರಳೆಣ್ಣೆ ಕುಡಿದೋನಂಗೆ."

ನನಗೂ ಖುಷಿಯಾಯಿತು. ಸೂಜಿಯ ಕೆಲಸ ಅದು, ಮಾತ್ರೆಯದಲ್ಲ ಎಂದು ನನಗೆ ತಿಳಿಯಬೇಕಿತ್ತು. ಅವಳು ಎಲ್ಲ ಹೊಗಳಿಕೆಯನ್ನೂ ಮಾತ್ರೆಗೇ ಕೊಟ್ಟಳು.

"ನಾಡಿದ್ದು ಗುರುವಾರ ರಕ್ತ ಪರೀಕ್ಷೆ. ಬೆಳಿಗ್ಗೆ ಬಸ್ ಸ್ಟಾಂಡಿಗೆ ಬಂದ್ಬುಡು," ಎಂದೆ.

"ಎಲ್ಲಕ್ಕ ಬರಾನೆ? ಮೂರು ಕುರಿ ಮರಿ ಹಾಕ್ತವೆ ಇವತ್ತೋ ನಾಳೆಯೋ. ಕೈ ನೆಟ್ಟಗಾಯ್ತಲ್ಲ, ಇನ್ಯಾತಕ್ಕೆ ರಕ್ತ ಕೊಡದು?"

"ನೆಟ್ಟಗಾದ್ರೂ ಕೊಡಬೇಕು ಕಣೆ. ಒಳಗಿನದು ಕಣ್ಣಿಗೆ ಕಾಣಕಿಲ್ಲ."

"ಆಯ್ತು, ಮುಂದಿನ ಗುರುವಾರ ಬತ್ತೀನಿ. ನೀನೊಳ್ಳೆ ಇಸ್ಕೂಲು ಮೇಷ್ಟ್ರು."

ಊಟಕ್ಕಿಟ್ಟಳು. ತಾನು ಬರೀ ಮಜ್ಜಿಗೆ ಕುಡಿದಳು. ಯಾಕೆಂದು ಕೇಳಿದರೆ ಬಾಯಿ ತೆರೆದು ತೋರಿಸಿದಳು. ಕೆನ್ನೆಯ ಒಳಗೆ, ನಾಲಿಗೆಯ ಅಂಚಿನಲ್ಲಿ ಬಿಳಿ ಹುಣ್ಣು. "ಉಷ್ಣ ಆಗೈತೆ. ಬಿಸಿಲಲ್ಲಿ ತಿರುಗಿದ್ಕೆ."

"ಉಷ್ಣವೇ. ರಾತ್ರಿ ಒಸಿ ಬೆಣ್ಣೆ ಹಚ್ಕ," ಎಂದೆ ನಾನು. ನಾನೇ ಅಂದೆ.

ಹಾಳೆಯಲ್ಲಿ ಆವತ್ತು ಒಂದೇ ಮಾತ್ರೆ ಉಳಿದಿತ್ತು. ಅದು ನನ್ನ ತಲೆಯ ಹಿಂದಿನ ಗೋಡೆಯ ಗೂಡಿನಲ್ಲಿತ್ತು. ಕೈ ಚಾಚಿದರೆ ಸಿಗುತ್ತಿತ್ತು. ಪ್ರತಿ ಸೋಮವಾರ ನನ್ನ ಮಾತ್ರೆಯನ್ನು ಗೋಡೆಯ ಕ್ಯಾಲೆಂಡರಿಗೆ ಗೀಟು ಹಾಕಿಯೇ ನುಂಗುವ ನಾನು, ಅವಳ ಹಾಳೆಯನ್ನು ಕೇಳಿ ನೋಡಲಿಲ್ಲ.

ವಾಪಸ್ ಬರುವಾಗ ಬಸ್ಸು ಅರ್ಧ ದಾರಿಗೆ ಬಂದಿತ್ತು, ಆಗ ನೆನಪಾಯಿತು. ಒಂಬತ್ತು ವರ್ಷದ ಹಿಂದೆ ನನಗೆ ಹೇಳಿದ್ದರು, ಬಾಯಲ್ಲಿ ಹುಣ್ಣೆದ್ದರೆ ಆ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಬನ್ನಿ ಅಂತ. ನನಗೆ ಹುಣ್ಣು ಬಂದಿರಲಿಲ್ಲ, ಮಾತು ಹಳೆಯದಾಗಿ ಹೋಗಿತ್ತು. ಮನೆಗೆ ಬಂದವಳೇ ಫೋನು ಮಾಡಿದೆ. ಎರಡು ಸಲ ಹೋಗಲಿಲ್ಲ. ಮೂರನೆಯದಕ್ಕೆ ಸಿದ್ದರಾಮು ಎತ್ತಿದ.

"ಏನಜ್ಜಿ? ಅವ್ವ ಚೆನ್ನಾಗವ್ಳೆ. ಕುರಿ ಹಿಂದೆ ಹೋಗವ್ಳೆ."

"ಬಾಯಿ ಹುಣ್ಣು ಉಷ್ಣ ಅಲ್ಲಪ್ಪ. ಮಾತ್ರೆ ನಿಲ್ಸಕ್ಕೆ ಹೇಳು. ನಾಳೇನೇ ಡಾಕ್ಟ್ರ ತಾವ ಕರ್ಕೊಂಡು ಹೋಗು."

"ಮಾತ್ರೆಯಿಂದ್ಲೇ ಕೈ ಬಂದಿರದು ಅಂತಾಳೆ, ನಿಲ್ಸು ಅಂದ್ರೆ ನನ್ನ ಮಾತ ಕೇಳ್ತಳಾ? ನಂಗೆ ಶಿಫ್ಟಿಗೆ ಟೈಮಾಯ್ತು. ಹೇಳ್ತೀನಿ ಬುಡಜ್ಜಿ."

ಹೇಳಿದನೋ ಇಲ್ಲವೋ. ಗುರುವಾರ ಬಸ್ ಸ್ಟಾಂಡಿನಲ್ಲಿ ಕಾದೆ, ಎರಡು ಬಸ್ಸು ಬಿಟ್ಟೆ. ಬರಲಿಲ್ಲ. ಫೋನು ಮಾಡಿದರೆ ಸ್ವಿಚ್ ಆಫ್. ನನ್ನ ಮಂಡಿ ಹಿಡಿದುಕೊಂಡಿತ್ತು, ಮತ್ತೆ ದೊಡ್ಡಿಗೆ ಹತ್ತಿ ಹೋಗುವಷ್ಟು ಕಾಲಿರಲಿಲ್ಲ. ಹಾಗೆಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಅದರ ಮುಂದಿನ ಗುರುವಾರ ಬೆಳಿಗ್ಗೆ ಸಿದ್ದರಾಮುವೇ ಫೋನು ಮಾಡಿದ. ಅವ್ವ ನೀರೂ ನುಂಗುತ್ತಿಲ್ಲ, ಮೈ ಕೆಂಡ, ಉಸಿರಿಗೆ ಒದ್ದಾಡುತ್ತಾಳೆ, ಆಸ್ಪತ್ರೆಗೆ ತಂದಿದ್ದೇವೆ ಎಂದ. ನಾನು ಹೋದಾಗ ಶಾಲಿನಿಯಮ್ಮ ಅವಳ ಮಂಚದ ಪಕ್ಕ ನಿಂತು ಮಾತ್ರೆಯ ಹಾಳೆ ಕೇಳುತ್ತಿದ್ದರು. ಸಿದ್ದರಾಮು ಬಾಳೆಕಾಯಿ ಚೀಲ ಸುರಿದ. ಮೂರು ಹಾಳೆ ಬಿದ್ದವು. ಒಂದು ಪೂರ್ತಿ ಖಾಲಿ. ಇನ್ನೊಂದರಲ್ಲಿ ಮೂರು ಉಳಿದಿದ್ದವು. ವಿಟಮಿನ್ನಿನ ಹಾಳೆ ಕೊಟ್ಟ ಹಾಗೇ ಇತ್ತು, ಒಂದೂ ಒಡೆದಿರಲಿಲ್ಲ.

"ಹದಿನೇಳು," ಎಂದೆ ನಾನು. ಹದಿನೇಳು ದಿನಕ್ಕೆ ಹದಿನೇಳು.

ಡಾಕ್ಟರು ಮಂಚದ ಮೇಲೆ ಬಾಗಿದರು. "ತಿಮ್ಮಮ್ಮ, ದಿನಾ ತಗೊಂಡ್ರಾ? ವಾರಕ್ಕೊಂದು ಅಂತ ಹೇಳಿರಲಿಲ್ವಾ?"

ತಿಮ್ಮಮ್ಮನ ತುಟಿ ಒಡೆದು ರಕ್ತ ಕರೆಗಟ್ಟಿತ್ತು. ಆದರೂ ಹೇಳಿದಳು. ತಪ್ಪೇ ಮಾಡದವರು ಹೇಳುವ ಹಾಗೆ ಹೇಳಿದಳು.

"ವಾರಕ್ಕೊಂದೇ ತಗಂಡೆ ಕಣವ್ವ. ಸ್ವಾಮಾರಕ್ಕೊಂದು, ಮಂಗಳಾರಕ್ಕೊಂದು, ಬುಧವಾರಕ್ಕೊಂದು. ಒಂದು ವಾರಾನೂ ತಪ್ಪಿಸಿಲ್ಲ."

ನಮ್ಮ ಕಡೆ ಏಳು ದಿನಕ್ಕೆ ಎಂಟು ದಿನ ಅನ್ನುತ್ತೇವೆ. ಎಂಟು ದಿನಕ್ಕೊಂದು ಸಲ ತಲೆಗೆ ನೀರು, ಎಂಟು ದಿನ ಬಿಟ್ಟು ಬಾ, ಹೀಗೆ. ವಾರ ಅಂದರೆ ಸೋಮವಾರ, ಮಂಗಳವಾರ. ಇವತ್ತು ಯಾವ ವಾರ ಎಂದು ಕೇಳಿದರೆ ದಿನದ ಹೆಸರನ್ನೇ ಹೇಳಬೇಕು. ಮರಳವಾಡಿಯಲ್ಲಿ ಬೆಳೆದ ನನಗೆ ಇದು ಗೊತ್ತಿಲ್ಲದ್ದೇ? ಗೊತ್ತಿತ್ತು. ಒಂಬತ್ತು ವರ್ಷ ಆಸ್ಪತ್ರೆಯ ಬೆಂಚಿನ ಮೇಲೆ ಕೂತೂ ಕೂತೂ ನನ್ನ ವಾರ ಆಸ್ಪತ್ರೆಯ ವಾರವಾಗಿತ್ತು, ಅಷ್ಟೆ. ಹಾಳೆ ಮುಗಿದಾಗ ಅವಳು ಖಾಲಿ ಹಾಳೆಯನ್ನು ಒಂದು ಮೆಡಿಕಲ್ ಅಂಗಡಿಯಲ್ಲಿ ತೋರಿಸಿದ್ದಳು. ಅವರೂ ಏನೂ ಕೇಳದೆ ಇನ್ನೊಂದು ಹಾಳೆ ಕೊಟ್ಟಿದ್ದರು.

"ಮತ್ತೆ ವಿಟಮಿನ್ನು?" ಎಂದು ಡಾಕ್ಟರು ಮೆಲ್ಲಗೆ ಕೇಳಿದರು.

"ಅದು ಮಾರನೇ ದಿನಕ್ಕಲ್ವಾ? ಮಾರನೇ ದಿನ ಖಾಲಿ ಸಿಕ್ಕಲೇ ಇಲ್ಲ ಕಣವ್ವ. ದಿನಾ ಒಂದು ವಾರ ಇರ್ತಿತ್ತು."

ಹೊರಗೆ ಕರೆದುಕೊಂಡು ಹೋಗಿ ಡಾಕ್ಟರು ನನಗೂ ಸಿದ್ದರಾಮುವಿಗೂ ಹೇಳಿದರು. ಸ್ವಲ್ಪ ಸ್ವಲ್ಪ ಕೊಟ್ಟರೆ ಆ ಮಾತ್ರೆ ಸುಳ್ಳು ಕೂಗನ್ನು ತಗ್ಗಿಸುತ್ತದೆ. ದಿನಾ ಕೊಟ್ಟರೆ ಮೂಳೆಯೊಳಗೆ ಹೊಸ ರಕ್ತ ಹುಟ್ಟುವುದೇ ನಿಲ್ಲುತ್ತದೆ. ಬಿಳಿ ಕಣ ಇರಬೇಕಾದದ್ದು ಸಾವಿರಗಳಲ್ಲಿ, ಅವಳಿಗೆ ಉಳಿದಿರುವುದು ನೂರುಗಳಲ್ಲಿ. ಈಗ ಎದೆಯೊಳಗೆ ನಿಜವಾದ ಸೋಂಕು ಹೊಕ್ಕಿದೆ.

"ಅವರ ಭಾಷೇಲೇ ಹೇಳಬೇಕಂದ್ರೆ," ಎಂದರು, "ಈಗ ನಿಜವಾಗಲೂ ಚಿರತೆ ಬಂದಿದೆ. ಪ್ರೋಟೀನು ಕೂಗ್ತಾ ಇದೆ, ಜ್ವರ ಅದೇ. ಆದರೆ ಕೂಗು ಕೇಳಿ ಬರೋಕೆ ಜನ ಇಲ್ಲ."

ಮಾತ್ರೆಯ ವಿಷ ಮುರಿಯುವ ಔಷಧ ಕೊಟ್ಟರು. ರಕ್ತ ಕೊಟ್ಟರು. ಸಿದ್ದರಾಮು ನನ್ನ ಮುಂದೆ ಬಂದು ನಿಂತ.

"ನೀನೇ ಅಲ್ವೇನಜ್ಜಿ ಒಂದು ವಾರಾನೂ ತಪ್ಪಿಸ್‌ಬ್ಯಾಡ ಅಂದೋಳು? ಅವ್ವ ದಿನಾ ಹೇಳ್ತಿದ್ಲು, ಮಾರಕ್ಕ ತಪ್ಪಿಸ್‌ಬ್ಯಾಡ ಅಂದವ್ಳೆ ಅಂತ. ಜ್ವರ ಬಂದ್ರೂ ನುಂಗುದ್ಲು."

"ನಿಲ್ಸಕ್ಕೆ ಹೇಳು ಅಂದಿದ್ನಲ್ಲಪ್ಪ ಫೋನಲ್ಲಿ."

"ಹೇಳ್ದೆ. ಅಜ್ಜಿಗೆ ಮರೆವು ಅಂದ್ಲು."

ಒಳಗಿನಿಂದ ತಿಮ್ಮಮ್ಮನ ದನಿ ಬಂತು, ಕೀರಲಾಗಿ. "ಅಕ್ಕನ್ನ ಬಯ್‌ಬ್ಯಾಡ ಕಣ್ಲಾ. ಅವ್ಳು ಸರ್ಯಾಗೇ ಹೇಳುದ್ಲು."

ಬೈದಿದ್ದರೆ ಚೆನ್ನಾಗಿತ್ತು.

ಅವಳು ಹೋದದ್ದು ಬುಧವಾರ, ಶಿವರಾತ್ರಿಗೆ ಮೊದಲೇ. ತಿಥಿಯ ಹೊತ್ತಿಗೆ ಕೊಟ್ಟಿಗೆ ಖಾಲಿಯಾಗಿತ್ತು. ಹೊಸ ಮರಿ ಮೂರೂ ಹೋಗಿದ್ದವು. ಕತ್ತರಿಸಿದ ನಾಲ್ಕು ಕುರಿಯ ಉಣ್ಣೆ ಮಾತ್ರ ಮೂಲೆಯಲ್ಲಿ ಗಂಟು ಕಟ್ಟಿ ಇತ್ತು.

ದೊಡ್ಡಿಯಲ್ಲಿ ಈಗ ಇಂಗ್ಲಿಷ್ ಔಷಧಿ ತಿಂದು ತಿಮ್ಮಮ್ಮ ಸತ್ತಳು ಅನ್ನುತ್ತಾರೆ. ಅವಳ ಪಕ್ಕದ ಮನೆಯ ಅಂಕಯ್ಯನ ಹೆಂಡತಿ ತನ್ನ ಬಿಪಿ ಮಾತ್ರೆಯನ್ನು ತಿಪ್ಪೆಗೆ ಎಸೆದಳು. ನಾನು ಹೋಗಿ ಕೂತು ಹೇಳಿದೆ, ಮಾತ್ರೆ ಕೆಟ್ಟದ್ದಲ್ಲ ಕಣಮ್ಮ, ಒಂದು ಮಾತು ಎರಡು ಥರ ಕೇಳಿಸಿತು ಅಷ್ಟೆ ಅಂತ. "ನಿಂಗೇನಕ್ಕ, ನಿನ್ನ ಮಾತ್ರೆ ನಿಂಗೆ ಹಿಡುದ್‌ಬುಟ್ಟದೆ," ಎಂದು ಕಾಫಿ ಕೊಟ್ಟು ಕಳಿಸಿದಳು. ಆಸ್ಪತ್ರೆಯ ಕಿಟಕಿಗೂ ಹೋದೆ. ಅದೇ ಹುಡುಗಿ ಇದ್ದಳು. ವಾರಕ್ಕೊಂದು ಅನ್ನಬೇಡವ್ವ, ಸೋಮವಾರ ಮಾತ್ರ ಅಂತ ಬರೆದುಕೊಡು, ಮಿಕ್ಕ ಆರು ದಿನ ಮುಟ್ಟಬೇಡಿ ಅನ್ನು, ಅವರ ಬಾಯಲ್ಲೇ ವಾಪಸ್ ಹೇಳಿಸು ಎಂದೆ.

"ಎಲ್ಲರಿಗೂ ಅರ್ಥ ಆಗುತ್ತಜ್ಜಿ. ಹಿಂದೆ ಜನ ಇದ್ದಾರೆ, ಸರೀರಿ."

ಸರಿದೆ. ನನ್ನ ಹಿಂದೆ ನಿಂತಿದ್ದ ಹೆಂಗಸಿಗೂ ಅದೇ ಹಾಳೆ ಕೊಟ್ಟಳು, ವಾರಕ್ಕೊಂದು ಎಂದಳು. ಆ ಹೆಂಗಸನ್ನು ಗೇಟಿನವರೆಗೂ ಹಿಂಬಾಲಿಸಿ ಹೋಗಿ, ಯಾವ ವಾರ ತಗೊತೀಯವ್ವ ಎಂದು ಕೇಳಿದೆ. ಈ ಮುದುಕಿಗೆ ಯಾಕೆ ಬೇಕು ಅನ್ನುವ ಹಾಗೆ ನೋಡಿದಳು. ಆದರೂ ಹೇಳಿದಳು, ಶುಕ್ರವಾರ ಒಂದೇ ದಿನ ಅಂತ. ಅಷ್ಟರಲ್ಲಿ ನನ್ನ ಬಸ್ಸು ಹೋಗಿತ್ತು.

ತಿಮ್ಮಮ್ಮನನ್ನು ನಾನು ಕಡೆಯ ಸಲ ನೋಡಿದ್ದು ಅವಳು ಹೋಗುವ ಎರಡು ದಿನ ಮೊದಲು. ಬೆಳಿಗ್ಗೆ ಹತ್ತೂವರೆಗೆ ಐದು ನಿಮಿಷ ಒಳಗೆ ಬಿಟ್ಟರು. ಬಾಯಿಗೆ ಬಟ್ಟೆ ಕಟ್ಟಿಸಿದರು, ಕೈ ತೊಳೆಸಿದರು. ಅವಳ ಬೆರಳುಗಳು ಹೊದಿಕೆಯ ಮೇಲಿದ್ದವು. ಊತ ಒಂದಿಷ್ಟೂ ಇರಲಿಲ್ಲ, ಹರೆಯದವರ ಬೆರಳಿನ ಹಾಗೆ ತೆಳ್ಳಗೆ, ನೆಟ್ಟಗೆ ಇದ್ದವು. ಮಂಚದ ಪಕ್ಕದ ಬಾಟಲಿಯ ಮುಚ್ಚಳವನ್ನು ಯಾರೋ ಸಡಿಲ ಮಾಡಿ ಇಟ್ಟಿದ್ದರು. ಹತ್ತಿಯನ್ನು ನೀರಲ್ಲಿ ಅದ್ದಿ ಅವಳ ತುಟಿಗೆ ಒತ್ತಿದೆ. ಕಣ್ಣು ಬಿಟ್ಟಳು. ನನ್ನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಮಾರಕ್ಕ," ಎಂದಳು, "ಇವತ್ತು ಯಾವ ವಾರ?"